ಐದು ಸಲ ತೊಂಬತ್ತೈದು

ಸನತ್‌ನಗರದ ನಮ್ಮ ಅಂಗಡಿಯಲ್ಲಿ ಕಾರಿನ ಇಂಜಿನ್ನುಗಳನ್ನು ಪೂರ್ತಿ ಬಿಚ್ಚಿ, ಸವೆದದ್ದನ್ನು ಸರಿಮಾಡಿ ಮತ್ತೆ ಕೂರಿಸುವ ಕೆಲಸ ನಡೆಯುತ್ತಿತ್ತು. ನನ್ನ ಗಂಡ ಮೇಸ್ತ್ರಿ, ನಾನು ಮೇಸ್ತ್ರಿಯ ಹೆಂಡತಿ. ಊರಿಗೆ ಗೊತ್ತಿದ್ದದ್ದು ಇಷ್ಟೇ. ಕಡೆಯ ನಾಲ್ಕು ವರ್ಷ ಅಲ್ಲಿ ಅಳತೆ ನೋಡುತ್ತಿದ್ದವಳು ನಾನು ಅನ್ನುವುದು ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲ ಅಂತ ನಾವು ನಂಬಿದ್ದೆವು.

ನನ್ನ ಗಂಡನಿಗೆ ಸಕ್ಕರೆ ಕಾಯಿಲೆ. ಬಾಯಿ ಕಟ್ಟಿ ಗೊತ್ತಿಲ್ಲದ ಮನುಷ್ಯ. ಯಾರ ಮದುವೆಗೆ ಹೋದರೂ ಹೋಳಿಗೆ ಬಡಿಸುವವನು ಎಲ್ಲಿದ್ದಾನೆ ಅಂತ ಮೊದಲು ನೋಡುತ್ತಿದ್ದರು. ಆ ನೋಡುವ ಕಣ್ಣಿಗೇ ಸಕ್ಕರೆ ಇಳಿಯಿತು. ಒಳಗಿನ ಪರದೆ ಹಾಳಾಗಿದೆ, ಇದ್ದಷ್ಟನ್ನು ಉಳಿಸಿಕೊಳ್ಳಿ ಎಂದರು ಡಾಕ್ಟರು. ನನ್ನ ಗಂಡನಿಗೆ ರಸ್ತೆ ಕಾಣುತ್ತಿತ್ತು, ಮುಖಗಳೂ ಕಾಣುತ್ತಿದ್ದವು. ಕೂದಲೆಳೆಯ ದಪ್ಪವನ್ನೂ ಅಳೆಯುವ ಮೈಕ್ರೋಮೀಟರಿನ ಮೇಲಿನ ಗೆರೆಗಳು ಮಾತ್ರ ಕಾಣುತ್ತಿರಲಿಲ್ಲ. ನಮ್ಮ ಹೊಟ್ಟೆ ತುಂಬುತ್ತಿದ್ದದ್ದು ಆ ಗೆರೆಗಳಿಂದಲೇ.

ಕ್ರ್ಯಾಂಕ್ ಅಂದರೆ ಇಂಜಿನ್ನಿನ ಬೆನ್ನೆಲುಬು. ನಾಲ್ಕು ಸಿಲಿಂಡರಿನ ಇಂಜಿನ್ನಿನಲ್ಲಿ ಅದು ಐದು ಕಡೆ ಕೂರುತ್ತದೆ. ಕೂರುವ ಪ್ರತಿ ಜಾಗದಲ್ಲೂ ಎರಡು ಅರ್ಧಚಂದ್ರದಂಥ ತಗಡು ಇರುತ್ತವೆ. ಅವೇ ಮೇನ್ ಬೇರಿಂಗು. ಕ್ರ್ಯಾಂಕು ಆ ತಗಡನ್ನು ಮುಟ್ಟಕೂಡದು. ನಡುವೆ ಎಣ್ಣೆಯ ತೆಳು ಪದರ ಇರಬೇಕು, ಅದಕ್ಕೆ ಸಂದು ಬಿಡಬೇಕು. ಸಂದು ಹೆಚ್ಚಾದರೆ ಎಣ್ಣೆ ಸೋರಿ ಒತ್ತಡ ಇಳಿಯುತ್ತದೆ, ಕಡಿಮೆಯಾದರೆ ಎಣ್ಣೆ ಒಳಗೆ ನಿಲ್ಲದೆ ಲೋಹಕ್ಕೆ ಲೋಹ ಕಚ್ಚಿಕೊಳ್ಳುತ್ತದೆ. ಬಳೆಗಾರ್ತಿ ನನ್ನ ಕೈ ಹಿಚುಕಿ ಹಿಚುಕಿ ಬಳೆ ಆರಿಸುವುದನ್ನು ನೋಡಿದಾಗಲೆಲ್ಲ ನನಗೆ ನಮ್ಮ ಅಂಗಡಿಯೇ ನೆನಪಾಗುತ್ತಿತ್ತು. ಅವಳು ಕೈ ನೋಡಿ ಹೇಳುತ್ತಾಳೆ. ನಾವು ಮಿಲಿಮೀಟರನ್ನು ನೂರು ಪಾಲು ಮಾಡಿ ನೋಡಬೇಕು.

ನಾನು ಕಲಬುರಗಿಯಲ್ಲಿ ಬಿ.ಎಸ್ಸಿ. ಓದಿದವಳು. ಕಾಲೇಜಿನ ಲ್ಯಾಬಿನಲ್ಲಿ ಇದೇ ಉಪಕರಣಕ್ಕೆ ಸ್ಕ್ರೂ ಗೇಜ್ ಅನ್ನುತ್ತಿದ್ದೆವು. ಮದುವೆಯಾದ ಹೊಸದರಲ್ಲಿ ಅಂಗಡಿಗೆ ಬಂದು ಹಾಗೆಂದಿದ್ದಕ್ಕೆ ನನ್ನ ಗಂಡ ವಾರಗಟ್ಟಲೆ ನಗಾಡಿದ್ದರು. ಆಮೇಲೆ ಅದೇ ಓದು ಉಪಯೋಗಕ್ಕೆ ಬಂತು. ಅವರು ಮೈಕ್ರೋಮೀಟರನ್ನು ಕ್ರ್ಯಾಂಕಿಗೆ ಹಿಡಿದು, ಬೆರಳಿಗೆ ಹದ ಸಿಕ್ಕ ಮೇಲೆ ಅಳತೆ ಅಲುಗದಂತೆ ಅದರ ಬೀಗ ತಿರುಗಿಸಿ, "ಒರಸಿ ಇಡು" ಅಂತ ನನ್ನ ಕೈಗೆ ಕೊಡುವುದು. ನಾನು ಒರೆಸುವ ನೆಪದಲ್ಲಿ ಗೆರೆ ಓದಿ ಬುಕ್ಕಿನಲ್ಲಿ ದೊಡ್ಡ ಅಂಕಿಯಲ್ಲಿ ಬರೆಯುವುದು. ಅವರು ಬುಕ್ಕಿನ ಕಡೆ ಒಮ್ಮೆ ತಿರುಗಿ, ಗಿರಾಕಿಗೆ ಗಟ್ಟಿಯಾಗಿ ಹೇಳುವುದು. ಅವರ ಬೆರಳಿನ ಹದ ನನಗೆ ಎಂದೂ ಬರಲಿಲ್ಲ. ನನ್ನ ಕಣ್ಣು ಅವರಿಗಿರಲಿಲ್ಲ. ಇಬ್ಬರೂ ಸೇರಿ ಒಬ್ಬ ಮೇಸ್ತ್ರಿಯಾಗಿದ್ದೆವು.

ಅಂಕಿಯನ್ನೇ ತೋರಿಸುವ ಡಿಜಿಟಲ್ ಮೈಕ್ರೋಮೀಟರ್ ತರೋಣ ಅಂದೆ. "ಕುರುಡರ ಕೋಲು ಅದು, ನನಗ ಬ್ಯಾಡ" ಅಂದರು. ಸಂದಿನಲ್ಲಿ ಪ್ಲಾಸ್ಟಿಕ್ ಎಳೆಯಿಟ್ಟು ಒತ್ತಿ, ಅದು ಎಷ್ಟು ಚಪ್ಪಟೆಯಾಯಿತು ಅಂತ ನೋಡಿದರೂ ತಾಳೆ ಸಿಗುತ್ತದೆ. ಅದೂ ಬೇಡ, ಅದು ಅಳತೆ ಬಾರದವರ ಕೆಲಸವಂತೆ. ಒಂದು ಸಲ ನಾನು ಬರೆದ ಅಂಕಿಯನ್ನು ಅವರು ತಪ್ಪು ಓದಿದಾಗ ಗಿರಾಕಿಯ ಎದುರಿಗೇ ತಿದ್ದಿಬಿಟ್ಟೆ. ಆ ಗಿರಾಕಿ ಒಮ್ಮೆ ನನ್ನ ಮುಖ, ಒಮ್ಮೆ ಅವರ ಮುಖ ನೋಡಿ ನಕ್ಕ. ಮನೆಗೆ ಬಂದವರು ಎರಡು ದಿನ ಊಟ ಮಾಡಲಿಲ್ಲ. ಮೂರನೆಯ ದಿನ ತಟ್ಟೆಯ ಮುಂದೆ ಕೂತು, "ಮಂದಿ ಮುಂದ ನನ್ನ ಮರ್ಯಾದಿ ತಗೀಬ್ಯಾಡ. ಅದೊಂದ ಉಳದೈತಿ" ಅಂದರು. ನನಗೆ ಅಳು ಬಂತು. ಇನ್ನು ಎಂದೂ ಮಾಡುವುದಿಲ್ಲ ಅಂತ ಮಾತು ಕೊಟ್ಟೆ. ಮಾತು ಕೊಡುವಾಗ ಮಾತ್ರ ನಾನು ಬಹಳ ಧಾರಾಳಿ.

ಕಡೆಯ ವರ್ಷ ನಮ್ಮಲ್ಲಿಗೆ ಒಂದು ಕಾರು ಬಂತು. ಕಾರಿನವನು ಕೊಂಡಾಪುರದಲ್ಲಿ ನೌಕರಿ ಮಾಡುತ್ತಿದ್ದ ಹುಡುಗ, ಮೂವತ್ತರ ಆಸುಪಾಸು. ಬೀದರ ಕಡೆಯವನು. ಆ ತೆಲುಗು ಊರಿನಲ್ಲಿ ಕನ್ನಡ ಮಾತಾಡುವ ಮೇಸ್ತ್ರಿ ಸಿಕ್ಕನೆಂದು ಅಷ್ಟು ದೂರದಿಂದ ನಮ್ಮನ್ನು ಹುಡುಕಿಕೊಂಡು ಬಂದಿದ್ದ. ನನ್ನ ಗಂಡನನ್ನು ಅಣ್ಣಾರ ಅನ್ನುತ್ತಿದ್ದ, ನನ್ನನ್ನು ಅತ್ತಿಗೆಯ ಸಲಿಗೆಯಲ್ಲಿ ವೈನಿ. ಬಂದಾಗಲೆಲ್ಲ ನನ್ನ ಊಟದ ಡಬ್ಬಿಯ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಖಾಲಿ ಮಾಡಿ ಹೋಗುತ್ತಿದ್ದ. ಸಣ್ಣ ಕಾರು, ಅದಕ್ಕೆ ಟರ್ಬೊ ಕೂರಿಸಿ ಕಂಪನಿಯವರು ಕನಸಲ್ಲೂ ಎಣಿಸದಷ್ಟು ಜೋರು ಓಡಿಸುವ ಹುಚ್ಚು ಅವನಿಗೆ. ಅಂಥ ಇಂಜಿನ್ನು ಜಾಸ್ತಿ ಕಾಯುತ್ತದೆ, ಕ್ರ್ಯಾಂಕು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಸಂದು ಸ್ವಲ್ಪ ಹೆಚ್ಚೇ ಬೇಕಾಗುತ್ತದೆ. ಅದಕ್ಕೆ ಅವನು ಹೊರದೇಶದಿಂದ ಬೇರಿಂಗಿನ ಎರಡು ಡಬ್ಬಿ ತರಿಸಿದ್ದ. ಒಂದರಲ್ಲಿ ಮಾಮೂಲಿ ದಪ್ಪದವು, ಇನ್ನೊಂದರಲ್ಲಿ ಸಂದು ಹೆಚ್ಚು ಸಿಗಲೆಂದು ಕೂದಲೆಳೆಯಷ್ಟು ತೆಳುವಾದವು. "ಅಳತಿ ನೋಡಿ ಯಾವುದು ಹಾಕಬೇಕು ನೀವ ಹೇಳ್ರಿ ಅಣ್ಣಾರ" ಅಂದ. ಅವನ ಇಡೀ ಇಂಜಿನ್ನಿನ ಹಣೆಬರಹ ಆ ಎರಡು ಡಬ್ಬಿಯಲ್ಲಿ ಯಾವುದನ್ನು ಒಡೆಯುತ್ತೇವೆ ಅನ್ನುವುದರ ಮೇಲೆ ನಿಂತಿತ್ತು.

ಅದೇ ವಾರ ಕಲಬುರಗಿಯಲ್ಲಿ ನನ್ನ ಅವ್ವ ತೀರಿಕೊಂಡಳು. ಹದಿಮೂರು ದಿನ ಮುಗಿಸಿಕೊಂಡು ಬರುವವರೆಗೆ ಅಳತೆಯ ಕೆಲಸ ಯಾವುದನ್ನೂ ಹಿಡಿಯಬೇಡಿ ಅಂತ ಹೇಳಿ ಹೋಗಿದ್ದೆ. "ಆತು ಬಿಡ" ಅಂದಿದ್ದರು.

ಹದಿನಾಲ್ಕನೆಯ ದಿನ ಬೆಳಗಿನ ರೈಲಿಗೆ ಬಂದು, ಮನೆಯಲ್ಲಿ ಚೀಲ ಇಟ್ಟು, ಅಂಗಡಿಗೆ ಹೋದೆ. ಇಂಜಿನ್ನಿನ ಒಡಲಾದ ಬ್ಲಾಕು ಮೇಜಿನ ಮೇಲೆ ಬೋರಲಾಗಿತ್ತು. ಕ್ರ್ಯಾಂಕು ಎಣ್ಣೆ ಸವರಿಸಿಕೊಂಡು ಪಕ್ಕದಲ್ಲಿ ಮಲಗಿತ್ತು. ಹುಡುಗ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ನನ್ನ ಗಂಡ ಮಾಮೂಲಿ ಡಬ್ಬಿ ಒಡೆದು ಒಂದೊಂದೇ ತಗಡನ್ನು ಅದರ ಜಾಗದಲ್ಲಿ ಒತ್ತುತ್ತಿದ್ದರು. ಮುಖದಲ್ಲಿ ಅಂಥ ಕಳೆ ನೋಡಿ ಎಷ್ಟೋ ವರ್ಷವಾಗಿತ್ತು.

"ಎಲ್ಲಾ ನಾನ ನೋಡೀನಿ. ಆರು ಪಾಯಿಂಟ್ ಸಂದು ಸಿಗ್ತೈತಿ. ಆ ತೆಳುವಿನ ಡಬ್ಬಿ ಬೇಕಾಗಂಗಿಲ್ಲ" ಅಂದರು. ಮಿಲಿಮೀಟರಿನ ನೂರರಲ್ಲಿ ಒಂದು ಪಾಲಿಗೆ ನಮ್ಮಲ್ಲಿ ಪಾಯಿಂಟ್ ಅನ್ನುತ್ತಿದ್ದೆವು. ಆ ಇಂಜಿನ್ನಿಗೆ ಬೇಕಾದದ್ದೂ ಆರೇ.

ನಾನು ಬುಕ್ಕು ತೆಗೆದೆ. ಕ್ರ್ಯಾಂಕಿನ ದಪ್ಪದ ಎಲ್ಲ ಅಳತೆಯೂ ಐವತ್ನಾಲ್ಕು ಮಿಲಿಮೀಟರಿನಿಂದಲೇ ಶುರುವಾಗುವುದರಿಂದ ನಾವು ಕೊನೆಯ ಎರಡು ಅಂಕಿ ಮಾತ್ರ ಬರೆಯುತ್ತಿದ್ದೆವು. ಅವರ ಸೊಟ್ಟ ಅಕ್ಷರದಲ್ಲಿ ಐದು ಜಾಗಕ್ಕೆ ಐದು ಅಂಕಿ ಇದ್ದವು. ತೊಂಬತ್ತೈದು, ತೊಂಬತ್ತೈದು, ತೊಂಬತ್ತೈದು, ತೊಂಬತ್ತೈದು, ತೊಂಬತ್ತೈದು.

ಓಡಿ ಬಂದ ಯಾವ ಕ್ರ್ಯಾಂಕೂ ಐದೂ ಕಡೆ ಒಂದೇ ಅಳತೆ ಕೊಡುವುದಿಲ್ಲ. ಒಂದು ಕಡೆ ಒಂದು ಪಾಯಿಂಟ್ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇದ್ದೇ ಇರುತ್ತದೆ. ಮೈಕ್ರೋಮೀಟರಿನಲ್ಲಿ ಐದೈದು ಗೆರೆಗೊಂದು ಉದ್ದ ಗೆರೆ ಎಳೆದು ಅಂಕಿ ಬರೆದಿರುತ್ತಾರೆ, ನಡುವಿನ ಸಣ್ಣ ಗೆರೆಗಳಿಗೆ ಅಂಕಿ ಇರುವುದಿಲ್ಲ. ಅವರ ಕಣ್ಣಿಗೆ ಬಿದ್ದದ್ದು ಉದ್ದ ಗೆರೆ ಒಂದೇ. ಅದರ ಆಚೆ ನಿಜವಾದ ಅಳತೆ ಎಲ್ಲಿತ್ತೋ.

ಹುಡುಗ ಚಹಾದ ಲೋಟ ಕೆಳಗಿಟ್ಟ. "ವೈನಿ, ನೀವೂ ಒಂದ್ಸಲ ನೋಡಿಬಿಡ್ರಲ್ಲ" ಅಂದ. ಮೆತ್ತಗೆ ಅಂದ, ತಮಾಷೆಯಂತೆ ಅಂದ. ಆದರೆ ಅವನ ಕಣ್ಣು ನನ್ನ ಕೈಯಲ್ಲಿದ್ದ ಬುಕ್ಕಿನ ಮೇಲಿತ್ತು. ಅವನಿಗೆ ಎಲ್ಲ ಗೊತ್ತಿತ್ತು ಅಂತ ನನಗೆ ಆಗ ಗೊತ್ತಾಯಿತು. ನನ್ನ ಗಂಡ ತಲೆ ಎತ್ತಲಿಲ್ಲ. ತಗಡು ಒತ್ತುತ್ತಿದ್ದ ಕೈ ನಿಂತಿತ್ತು.

ಕ್ರ್ಯಾಂಕು ಇನ್ನೂ ಹೊರಗೇ ಇತ್ತು. ಐದು ನಿಮಿಷದ ಕೆಲಸ. ನಾನು ಬುಕ್ಕು ಮುಚ್ಚಿದೆ.

"ಅವರು ನೋಡ್ಯಾರಲ್ಲಪ್ಪಾ. ಮತ್ತ ನಾ ಯಾಕ ನೋಡಬೇಕು?"

ನನ್ನ ಗಂಡನ ಕೈ ಮತ್ತೆ ಆಡತೊಡಗಿತು. ಸಂಜೆಯೊಳಗೆ ಕ್ರ್ಯಾಂಕು ಒಳಗೆ ಹೋಗಿ ಕೂತಿತು. ತಿರುಗಿಸಿದರೆ ನುಣ್ಣಗೆ ತಿರುಗಿತು. ಎರಡು ಮೂರು ಪಾಯಿಂಟಿನ ತಪ್ಪು ಕೈಗೆ ತಿಳಿಯುವುದಿಲ್ಲ. ಆದರೂ ಅಷ್ಟಕ್ಕೆ ನಾನು ಸಮಾಧಾನ ಮಾಡಿಕೊಂಡೆ. ಅವ್ವ ಸತ್ತ ದುಃಖದಲ್ಲಿ ನನಗೆ ಸುಸ್ತಾಗಿತ್ತು ಅಂತ ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಸ್ತಾಗಿತ್ತು ನಿಜ. ಸುಸ್ತಾದ ಕಣ್ಣಿಗೂ ಆ ಐದು ಅಂಕಿ ಚೆನ್ನಾಗಿಯೇ ಕಂಡಿದ್ದವು.

ಹೊಸದಾಗಿ ಕೂರಿಸಿದ ಇಂಜಿನ್ನನ್ನು ಮೊದಲು ನಿಧಾನ ಓಡಿಸಬೇಕು. ಹುಡುಗ ಎರಡು ತಿಂಗಳು ಹಾಗೇ ಓಡಿಸಿದ. ಮನೆಗೂ ಆಫೀಸಿಗೂ ಓಡಾಡಿಕೊಂಡಿದ್ದಿದ್ದರೆ ಅದು ಇವತ್ತಿಗೂ ಓಡುತ್ತಿತ್ತೇನೋ. ಒಂದು ಭಾನುವಾರ ಬೆಳಿಗ್ಗೆ ಪಟಾನ್‌ಚೆರು ದಾಟಿ ರಿಂಗ್ ರೋಡಿನಲ್ಲಿ ಜೋರು ಬಿಟ್ಟ. ಇಂಜಿನ್ನು ಕಚ್ಚಿಕೊಂಡು ಚಕ್ರಗಳು ಅಲ್ಲೇ ನಿಂತವು. ಕಾರು ತಿರುಗಿ ಡಿವೈಡರಿಗೆ ಹೊಡೆಯಿತು. ಹುಡುಗ ಬದುಕಿದ. ಸೊಂಟದ ಕೆಳಗೆ ಅವನಿಗೆ ಏನೂ ಗೊತ್ತಾಗುವುದಿಲ್ಲ.

ತಿಂಗಳ ಮೇಲೆ ಅವನೇ ಆಸ್ಪತ್ರೆಯಿಂದ ಹೇಳಿ ಇಂಜಿನ್ನನ್ನು ಅಂಗಡಿಗೆ ಕಳಿಸಿಕೊಟ್ಟ. ಎಣ್ಣೆಯ ಪಂಪು ಹೋಗಿರಬೇಕು, ಬಿಚ್ಚಿ ನೋಡ್ರಿ ಅಂತ. ಬಿಚ್ಚಿದೆವು. ಪಂಪು ಚೆನ್ನಾಗಿತ್ತು. ನಡುವಿನ ಬೇರಿಂಗು ಕರಗಿ ಕ್ರ್ಯಾಂಕಿಗೆ ಮೆತ್ತಿಕೊಂಡು ಕರ್ರಗಾಗಿತ್ತು, ಅಲ್ಲಿ ಅಳತೆ ನೋಡುವ ಹಾಗೇ ಇರಲಿಲ್ಲ. ಉಳಿದ ನಾಲ್ಕು ಜಾಗಗಳು ಕೆಟ್ಟಿರಲಿಲ್ಲ. ನನ್ನ ಗಂಡ ಅಂಗಡಿಯ ಬಾಗಿಲು ಮುಂದೆ ಮಾಡಿ ಬಂದರು. ಒಂದೊಂದಕ್ಕೂ ಮೈಕ್ರೋಮೀಟರ್ ಹಿಡಿದು, ಹದ ನೋಡಿ, ಬೀಗ ತಿರುಗಿಸಿ ನನ್ನ ಕೈಗೆ ಕೊಟ್ಟರು. ಒರೆಸು ಅನ್ನಲಿಲ್ಲ.

ತೊಂಬತ್ತೇಳು. ತೊಂಬತ್ತೆಂಟು. ತೊಂಬತ್ತೆಂಟು. ತೊಂಬತ್ತೇಳು. ಕ್ರ್ಯಾಂಕು ದಪ್ಪವಾದಷ್ಟು ಸಂದು ಕಡಿಮೆ. ತೊಂಬತ್ತೆಂಟು ಇದ್ದಲ್ಲಿ ಸಿಕ್ಕ ಸಂದು ಮೂರೇ ಪಾಯಿಂಟ್. ಬೇಕಾದದ್ದರ ಅರ್ಧ. ಕಪಾಟಿನಲ್ಲಿ ಸೀಲು ಒಡೆಯದೆ ಕೂತಿದ್ದ ಆ ಇನ್ನೊಂದು ಡಬ್ಬಿಯನ್ನೇ ಹಾಕಬೇಕಿತ್ತು.

"ಎಷ್ಟ ಬಂತು?" ಅಂದರು.

"ತೊಂಬತ್ತೈದ ಐತಿ" ಅಂದೆ.

"ನಾಕರಾಗೂ?"

"ನಾಕರಾಗೂ."

ಹೇಳಿದ ಮೇಲೆ ನಾನು ಏನು ಹೇಳಿದೆ ಅನ್ನುವುದು ನನಗೇ ಕೇಳಿಸಿತು. ಮೂವತ್ತು ವರ್ಷ ಕ್ರ್ಯಾಂಕು ಹಿಡಿದ ಮನುಷ್ಯನಿಗೆ ನಾಲ್ಕು ಕಡೆಯೂ ಒಂದೇ ಅಳತೆ ಅಂದಿದ್ದೆ. ಅವರು ಕೈ ಚಾಚಿ ಮೈಕ್ರೋಮೀಟರ್ ತೆಗೆದುಕೊಂಡರು, ಅಂಗಿಯ ತುದಿಯಿಂದ ಒರೆಸಿ ಅದರ ಮರದ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು. ಆಮೇಲೆ ಅವರು ನನ್ನನ್ನು ಯಾವ ಅಳತೆಯನ್ನೂ ಕೇಳಲಿಲ್ಲ. ಎರಡು ತಿಂಗಳಲ್ಲಿ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟೆವು. ಕಣ್ಣಿನ ನೆಪ ಹೇಳಿದೆವು, ಯಾರಿಗೂ ಆಶ್ಚರ್ಯವಾಗಲಿಲ್ಲ.

ಹೋದ ವರ್ಷ ಹುಡುಗನನ್ನು ನೋಡಲು ಕೊಂಡಾಪುರಕ್ಕೆ ಹೋಗಿದ್ದೆವು. ಅಷ್ಟು ಹೊತ್ತಿಗೆ ನನ್ನ ಗಂಡನಿಗೆ ಬೆಳಕು ಕತ್ತಲೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಹುಡುಗ ಗಾಲಿಕುರ್ಚಿಯಲ್ಲಿ ಕೂತೇ ಬಾಗಿಲು ತೆಗೆದ. ನಾನು ಒಯ್ದ ಶೇಂಗಾ ಹಿಂಡಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡ. ತೊಡೆ ತೆಳ್ಳಗಾಗಿತ್ತು. ಅವನೇ ನಮಗೆ ಸಮಾಧಾನ ಹೇಳಿದ.

"ನಂದ ತಪ್ಪು ಅಣ್ಣಾರ. ಭಾಳ ಜೋರ ಬಿಟ್ಟಿದ್ದೆ. ನೀವು ಸುಳ್ಳ ಮನಸಿಗೆ ಹಚ್ಚಿಕೋಬ್ಯಾಡ್ರಿ."

ಜೋರು ಓಡಲೆಂದೇ ಕಟ್ಟಿದ ಇಂಜಿನ್ನು ಅದು. ನನ್ನ ಗಂಡ ಅವನ ದನಿ ಬಂದ ಕಡೆ ಮುಖ ತಿರುಗಿಸಿದರು. "ತಮ್ಮಾ, ಅವತ್ತ ಆ ಅಳತಿ..." ಅಂತ ಶುರು ಮಾಡಿದರು.

ನಾನು ಅವರ ಮೊಣಕೈ ಹಿಡಿದು ಅದುಮಿದೆ. "ಏಳ್ರಿ, ಗುಳಗಿ ತಗೊಳ್ಳೋ ಹೊತ್ತಾತು."

ಅವರು ಎದ್ದರು.

ಆಟೋ ಹಿಡಿದು ಮನೆಗೆ ಹೊರಟೆವು. ಸಿಗ್ನಲಿನಲ್ಲಿ ಗಾಡಿ ನಿಂತಾಗ, ಆಟೋದವನಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಅಂದರು: "ನಾ ಓದಿದ್ದು ತಪ್ಪಾತು ಅಂತ ಅಷ್ಟ ಹೇಳಾಂವ ಇದ್ದೆ. ನೀ ಬುಕ್ಕ ನೋಡಿ ಮುಚ್ಚಿಟ್ಟಿ ಅಂತ ನಾ ಹೇಳ್ತಿದ್ದಿಲ್ಲ."

ಮನೆಯ ಮುಂದೆ ನಾನು ಮೊದಲು ಇಳಿದು, ಎಂದಿನಂತೆ ಕೈ ಚಾಚಿ ಅವರ ಕೈ ಮುಟ್ಟಿದೆ. ಅವರು ನನ್ನ ಕೈ ಬಿಟ್ಟು ಆಟೋದ ಕಂಬಿ ಹುಡುಕಿದರು. ಅದನ್ನು ಹಿಡಿದುಕೊಂಡು, ನೆಲ ಎಲ್ಲಿದೆ ಅಂತ ಕಾಲಿನಿಂದ ತಡವಿ ನೋಡಿ, ಒಬ್ಬರೇ ಇಳಿದರು.