ವರ್ನಾ ತಿದ್ದುತ್ತಿದ್ದ ಪುಸ್ತಕ

ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಪುಸ್ತಕಕ್ಕೆ ಬೆಲೆಯಿಲ್ಲ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಅಚ್ಚು ಹಾಕಿಸಬಹುದು, ತಿದ್ದಬಹುದು. ಅದನ್ನು ತಿದ್ದುತ್ತಿದ್ದವಳು ಆ ವಿಷಯವನ್ನೇ ಕಲಿಸುವ ವರ್ನಾ ಸವ್ಚುಕ್. ಆರಂಭದಲ್ಲಿ ಅದಕ್ಕೊಂದು ಅನುದಾನವಿತ್ತು. ಅನುದಾನ ಮುಗಿಯಿತು, ಕೆಲಸ ಮುಗಿಯಲಿಲ್ಲ. ಯಾರೋ ಎಲ್ಲಿಂದಲೋ ತಪ್ಪೊಂದನ್ನು ಹುಡುಕಿ ಬರೆದರೆ ಅವತ್ತೇ ಸರಿಪಡಿಸಬೇಕು, ಇಲ್ಲದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಉತ್ತರದ ತುದಿಯ ಈ ಪಟ್ಟಣದಲ್ಲಿ ನಾನು ಭೌತಶಾಸ್ತ್ರ ಹೇಳಿಕೊಡುತ್ತೇನೆ, ವರ್ನಾಳ ಎದುರಿನ ಮೇಜು ನನ್ನದು. ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರನ್ನು ನಾವು ಕಣ್ಣಾರೆ ಕಂಡಿಲ್ಲ. ದೂರದ ಊರುಗಳಿಂದ ಫೋನಿನಲ್ಲೇ ಪಾಠ ಕೇಳುವವರು, ದನಿಯಿಂದ ಗುರುತು. ಕೆಮ್ಮಿದರೆ ಸಾಕು, ವರ್ನಾ ಹೆಸರು ಹೇಳುತ್ತಾಳೆ. ಮೂವತ್ತು ವರ್ಷ ಫೋನು ಒತ್ತಿಕೊಂಡ ಅವಳ ಬಲಗಿವಿ ಈಗ ಸರಿಯಾಗಿ ಕೇಳುವುದಿಲ್ಲ. ಗಂಡ ತೀರಿಕೊಂಡಿದ್ದಾನೆ. ಭಾನುವಾರ ಒಂದು ರಾಶಿ ಪೆರೋಗಿ, ಅಂದರೆ ಆಲೂಗಡ್ಡೆ ತುಂಬಿದ ಕಡುಬು, ಬೇಯಿಸಿಟ್ಟು ವಾರವಿಡೀ ಅದನ್ನೇ ಬಿಸಿ ಮಾಡಿ ತಿನ್ನುತ್ತಾಳೆ. "ಯಾಕೇ, ಬೇಜಾರಾಗಲ್ವಾ?" ಎಂದರೆ, "ಬೇಜಾರು ಮಾಡ್ಕೊಳ್ಳೋಕೂ ಶಕ್ತಿ ಬೇಕಲ್ಲ ಮಾರಾಯ್ತಿ" ಎನ್ನುತ್ತಾಳೆ.

ವಿಮಾನವಲ್ಲದೆ ದಾರಿಯಿಲ್ಲದ ಊರುಗಳಲ್ಲಿ ಇಂಟರ್‌ನೆಟ್ಟು ತೀರಾ ನಿಧಾನ. ಹಾಗಾಗಿ ಸೆಪ್ಟೆಂಬರಿನಲ್ಲಿ ಇಡೀ ಪುಸ್ತಕವನ್ನು ಪೆನ್‌ಡ್ರೈವಿಗೆ ತುಂಬಿ ಟಪಾಲಿನ ವಿಮಾನದಲ್ಲಿ ಕಳಿಸುತ್ತೇವೆ. ಅವರು ಲೆಕ್ಕ ಮಾಡಿ, ಪ್ರಶ್ನೆಯ ಸಂಖ್ಯೆ ಮತ್ತು ಉತ್ತರವನ್ನಷ್ಟೇ ಮೊಬೈಲಿನಿಂದ ಸಂದೇಶವಾಗಿ ಕಳಿಸಬೇಕು. ಸರಿಯೋ ತಪ್ಪೋ ಎಂದು ನೋಡುವುದು ಯಂತ್ರ. ವರ್ನಾಗೆ ಕಾಣುವುದು ಅಂಕಗಳು ಮಾತ್ರ.

ಜನವರಿಯಲ್ಲಿ ಪಟ್ಟಣದ ಹುಡುಗಿಯೊಬ್ಬಳು, ನಾಲ್ಕನೇ ಅಧ್ಯಾಯದ ಮೊದಲ ಲೆಕ್ಕವೇ ಹೆದರಿಸುತ್ತದೆ ಎಂದು ದೂರಿದಳು. ವರ್ನಾ ಸಂಜೆಯೊಳಗೆ ಆ ಅಧ್ಯಾಯದ ಲೆಕ್ಕಗಳನ್ನೆಲ್ಲ ಸುಲಭದಿಂದ ಕಠಿಣಕ್ಕೆ ಹೊಸದಾಗಿ ಜೋಡಿಸಿದಳು. ಯಂತ್ರದ ಉತ್ತರಗಳನ್ನೂ ಹೊಸ ಕ್ರಮಕ್ಕೆ ಬದಲಿಸಿದಳು. ಒಳ್ಳೆಯ ಕೆಲಸವೇ. ನಾನೇ ಹೊಗಳಿದೆ.

ಫೆಬ್ರವರಿಯ ಒಂದು ಸೋಮವಾರ ಆರ್ಲೀನ್ ಬಿಯರ್ಡಿ ಫೋನ್ ಮಾಡಿದಳು. ಸ್ಪ್ರೂಸ್ ನ್ಯಾರೋಸ್ ಎಂಬ, ಕ್ರೀ ಮೂಲನಿವಾಸಿಗಳ ಊರಿನ ಆರೋಗ್ಯ ಕೇಂದ್ರದಲ್ಲಿ ಸಹಾಯಕಿ, ಮೂರು ಮಕ್ಕಳ ತಾಯಿ. ಮುಂದಿನ ಶರತ್ಕಾಲದಿಂದ ನರ್ಸಿಂಗ್ ಓದಲು ಅವಳಿಗೆ ಸೀಟು ಸಿಕ್ಕಿತ್ತು, ಈ ರಸಾಯನಶಾಸ್ತ್ರ ಪಾಸಾದರೆ ಮಾತ್ರ.

ವರ್ನಾ ಫೋನಿನ ಸ್ಪೀಕರ್ ಹಾಕಿಯೇ ಮಾತಾಡುವವಳು, ನನಗೆಲ್ಲ ಕೇಳಿಸುತ್ತಿತ್ತು.

"ಟೀಚರೇ, ನಾನು ಕೋರ್ಸ್ ಬಿಟ್ಟೆ. ಬೆಳಿಗ್ಗೆ ಆಫೀಸಿಗೆ ಬರ್ದು ಹಾಕಿದೀನಿ."

"ಏನೇ ಬಂತು ನಿಂಗೆ?"

"ನಾಲ್ಕನೇ ಅಧ್ಯಾಯ ಎಲ್ಲ ಸೊನ್ನೆ. ನಿಮ್ಮ ಯಂತ್ರ ಪ್ರತಿ ಸಲ 'ಪ್ರಶ್ನೆಯನ್ನು ಗಮನವಿಟ್ಟು ಓದಿ' ಅನ್ನತ್ತೆ. ಗಮನ ಇಟ್ಟೂ ಇಟ್ಟೂ ತಲೆನೋವು ಬಂತು. ನನ್ನ ಮಗ ಆಡ್ಕೊಳ್ತಾನೆ, 'ಅಮ್ಮ, ನೊಣ ಕೂಡ ಇಷ್ಟು ಸಲ ಗಾಜಿಗೆ ಡಿಕ್ಕಿ ಹೊಡೆಯಲ್ಲ' ಅಂತ."

'ಗಮನವಿಟ್ಟು ಓದಿ' ಎಂಬ ವಾಕ್ಯ ಯಂತ್ರದ್ದಲ್ಲ, ವರ್ನಾ ಬರೆದಿಟ್ಟದ್ದು.

"ಏಳನೇದು ಓದು ನೋಡೋಣ," ಎಂದಳು ವರ್ನಾ.

"ಎರಡು ಲೀಟರ್ ಸಲೈನ್ ಮಾಡೋಕೆ ಉಪ್ಪೆಷ್ಟು ಅಂತ. ಹದಿನೆಂಟು ಗ್ರಾಂ ಅಂತ ಕಳಿಸ್ದೆ."

"ಸರಿಯಾಗೇ ಇದೆ."

"ನೀವು ಸರಿ ಅಂತೀರಿ, ಅದು ತಪ್ಪು ಅನ್ನತ್ತೆ. ನಿಮ್ಮಿಬ್ಬರ ಜಗಳ ನೀವೇ ಬಗೆಹರಿಸ್ಕೊಳ್ಳಿ."

ವರ್ನಾ ತನ್ನ ಪರದೆ ನೋಡಿದಳು. ಅಲ್ಲಿ ಏಳನೆಯದು ನೀರಿನ ಡ್ರಮ್ಮಿಗೆ ಎಷ್ಟು ಬ್ಲೀಚು ಎಂಬ ಲೆಕ್ಕ. ಸಲೈನು ಎರಡನೆಯದಾಗಿತ್ತು. ಆರ್ಲೀನಳ ಪೆನ್‌ಡ್ರೈವಿನಲ್ಲಿ ಸೆಪ್ಟೆಂಬರಿನ ಪುಸ್ತಕ, ಯಂತ್ರದಲ್ಲಿ ಜನವರಿಯದು.

"ಆರ್ಲೀನ್," ಎಂದಳು ವರ್ನಾ. "ನಾನು ಪುಸ್ತಕ ತಿದ್ದಿದೆ ಕಣೇ. ನಿಮಗೆಲ್ಲ ಹೇಳ್ಲಿಲ್ಲ."

"ಮೂರು ವಾರ ನಾನು ದಡ್ಡಿ ಅಂದ್ಕೊಂಡೆ ಟೀಚರೇ. ಈಗ ಸುಸ್ತಾಗಿದೆ," ಎಂದು ಫೋನಿಟ್ಟಳು.

ವರ್ನಾ ಕೋಟು ಹಾಕದೆ, ಹಿಮದಲ್ಲೇ ಅಂಗಳ ದಾಟಿ ದಾಖಲಾತಿ ವಿಭಾಗದ ಡಗ್ಲಸ್ ಫೇರ್ ಬಳಿಗೆ ಹೋದಳು. ಹಿಂದೆಯೇ ಅವಳ ಕೋಟು ಹಿಡಿದು ನಾನು ಹೋದೆ.

"ಬಿಟ್ಟವರನ್ನ ಅದೇ ಟರ್ಮಿಗೆ ಮತ್ತೆ ಸೇರಿಸ್ಕೊಳ್ಳೋ ಹಾಗಿಲ್ಲ ವರ್ನಾ," ಎಂದ ಡಗ್ಲಸ್. "ಮತ್ತೆ, ಈ ಪುಸ್ತಕ ಬದಲಾಗ್ತಾ ಇರತ್ತೆ, ಹೊಸದನ್ನೇ ನೋಡ್ಕೊಳ್ಳಿ ಅಂತ ಮೊದಲ ಪುಟದಲ್ಲೇ ಇದೆಯಲ್ಲ?"

"ಇದೆ. ಬರೆದೋಳು ನಾನೇ. ಹೊಸದು ನೋಡೋಕೆ ಅವಳ ಹತ್ರ ಏನಿದೆ ಹೇಳು?"

"ನಿಯಮ ನಾನು ಮಾಡಿದ್ದಲ್ಲಮ್ಮ."

"ತಪ್ಪು ಮಾಡಿದ್ದು ನಾನೇ. ನನ್ನ ಹೆಸರಲ್ಲೇ ಬರ್ಕೋ. ಕಾಲೇಜಿನ ತಪ್ಪಿಂದ ಬಿಟ್ಟೋಳನ್ನ ಬಿಟ್ಟೋಳು ಅಂತ ಲೆಕ್ಕ ಹಾಕ್ತೀಯಾ?"

ಡಗ್ಲಸ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. "ಕೂತ್ಕೋ. ಮೊದಲು ಆ ಕೋಟು ಹಾಕ್ಕೋ," ಎಂದ. ಅವನು ಹೂಂ ಎನ್ನುವ ರೀತಿಯೇ ಅದು.

ವಾಪಸು ಬಂದು, ಅದೇ ಊರಿನಿಂದ ಸೇರಿ ಆಗಲೇ ಬಿಟ್ಟುಹೋಗಿದ್ದ ಇನ್ನಿಬ್ಬರಿಗೂ ವರ್ನಾ ಕರೆ ಮಾಡಿದಳು. ಒಬ್ಬ ಗಣಿ ಕೆಲಸಕ್ಕೆ ಹೊರಟುಹೋಗಿದ್ದ. ಇನ್ನೊಬ್ಬಳು ಫೋನೆತ್ತಲಿಲ್ಲ, ಆ ವಾರವಿಡೀ ಎತ್ತಲಿಲ್ಲ. ಆರ್ಲೀನಳೂ ಎತ್ತಲಿಲ್ಲ. ಸೀಟು ಉಳಿಸಿಕೊಟ್ಟರೂ ಕೂರಲು ಅವಳಿಗೆ ಮನಸ್ಸಿರಬೇಕಲ್ಲ.

ಯಂತ್ರವನ್ನು ಬಿಟ್ಟು, ಆರ್ಲೀನ್ ಕಳಿಸಿದ್ದ ಉತ್ತರಗಳನ್ನು ವರ್ನಾ ಹಳೆಯ ಕ್ರಮದಲ್ಲಿಟ್ಟು ಕೈಯಿಂದಲೇ ತಿದ್ದಿದಳು. "ಮಿಕ್ಕಿದ್ದೆಲ್ಲ ಸರಿ ಇದೆ, ತಪ್ಪಾಗಿರೋ ಈ ಒಂದನ್ನೂ ಹೆಂಗಾದ್ರೂ ಸರಿ ಅಂತ ಹಾಕ್ಬಿಡ್ಲಾ? ಪಾಪ," ಎಂದು ನನ್ನನ್ನು ಕೇಳಿದಳು. ನಾನು ಉತ್ತರಿಸುವ ಮೊದಲೇ ತಾನೇ ಬೇಡವೆಂದು ತಲೆಯಾಡಿಸಿ, ಅದಕ್ಕೆ ಕೆಂಪು ಗೆರೆ ಎಳೆದು, ಸೀಟು ಉಳಿದಿದೆ ಎಂಬ ಚೀಟಿಯೊಡನೆ ಹಾಳೆಗಳನ್ನು ಆರೋಗ್ಯ ಕೇಂದ್ರಕ್ಕೆ ಫ್ಯಾಕ್ಸ್ ಮಾಡಿದಳು.

ಗುರುವಾರ ಮಧ್ಯಾಹ್ನ, ನಾವು ತಣ್ಣಗಾದ ಪೆರೋಗಿ ತಿನ್ನುತ್ತಿದ್ದಾಗ ಫೋನ್ ಬಂತು.

"ಒಂಬತ್ತನೇದು ತಪ್ಪು ಅಂತ ಹಾಕಿದೀರಿ," ಎಂದಳು ಆರ್ಲೀನ್, ಹಲೋ ಕೂಡ ಅನ್ನದೆ.

"ಹೂಂ."

"ಇದೂ ನೀವು ತಿದ್ದಿದ್ದಕ್ಕಾ?"

"ಇಲ್ಲ ಕಣೇ. ಮಿಲಿಲೀಟರನ್ನ ಲೀಟರ್ ಮಾಡೋದು ಮರೆತಿದೀಯ. ಇದು ಪೂರಾ ನಿಂದೇ."

"ನಂದೇ?"

"ನಿಂದೇ."

ಕಾಗದ ಸರಿದ ಸದ್ದು. ಯಾರೋ ಮಗುವಿಗೆ, ಸುಮ್ನಿರು ಎಂದು ಗದರಿದ್ದು ಕೇಳಿಸಿತು.

"ಹೌದು, ಮರೆತಿದೀನಿ," ಎಂದಳು ಆರ್ಲೀನ್. "ಸರಿ, ಐದನೇ ಅಧ್ಯಾಯ ಯಾವತ್ತಿಗೆ ಕೊಡ್ಬೇಕು?"