ನನ್ನ ಕೊರಳಲ್ಲಿರುವುದು ಯಾರ ಲಿಂಗ

ಮಿರಾಕಲ್ ಎಂಬ ಮಾತನ್ನು ನಾನು ಎಂದೂ ನಂಬಿದವಳಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಸಂತರ ಪವಾಡ ಹೇಳುವಾಗ ಹಿಂದಿನ ಬೆಂಚಿನಲ್ಲಿ ನಗುತ್ತಿದ್ದೆ. ಮದುವೆಯಾಗಿ ಕೊಟ್ಟೂರಿಗೆ ಬಂದ ಮೇಲೆ ಇಲ್ಲಿನ ಪವಾಡಗಳಿಗೂ ನಕ್ಕೆ, ಬಾಯಿಗೆ ಸೆರಗು ಹಿಡಿದು. ಹಾಗಾಗಿ ಫ್ರಾಂಕ್ಲಿ, ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ನಮ್ಮಲ್ಲಿ ಸತ್ತವರ ಎಡಗೈಯಲ್ಲಿ ಅವರ ಇಷ್ಟಲಿಂಗವಿಟ್ಟೇ ಮಣ್ಣು ಮಾಡುತ್ತಾರೆ. ನಮ್ಮ ಮನೆಯವರು ತೀರಿಕೊಂಡ ದಿನ, ಕೊನೆಯ ಸಲ ಜೋಡಿಯಾಗಿ ಪೂಜೆಯಾಗಲಿ ಎಂದು ಅವರದನ್ನೂ ನನ್ನದನ್ನೂ ಒಂದೇ ತಟ್ಟೆಯಲ್ಲಿಟ್ಟು ತೊಳೆದೆ. ಎರಡೂ ಕಪ್ಪು, ಒಂದೇ ಅಳತೆ. ಹೊರಗೆ ಕ್ರಿಯೆ ಮಾಡಿಸುವ ಅಯ್ಯನವರು ಅವಸರ ಮಾಡಿದರು. ಕೈಗೆ ಸಿಕ್ಕಿದ್ದನ್ನು ಕೊಟ್ಟೆ. ಉಳಿದದ್ದನ್ನು ಕೊರಳಿಗೆ ಕಟ್ಟಿಕೊಳ್ಳುವಾಗ ತಿರುಗಿಸಿ ತಿರುಗಿಸಿ ನೋಡಿದೆ. ಇದು ಯಾರದು? ಅವರು ಬೇರೆಯವರ ಲಿಂಗ ಹಿಡಿದು ಮಣ್ಣಿಗೆ ಹೋದರೇ? ಏಳು ವರ್ಷ ಯಾರಿಗೂ ಹೇಳಲಿಲ್ಲ. ದಿನಾ ಪೂಜೆಗೆ ಮೊದಲು ಅವರಲ್ಲಿ ಕ್ಷಮೆ ಕೇಳುತ್ತಿದ್ದೆ.

ಕೊನೆಗೆ ಹೇಳಿದ್ದು ತಂಗಿಯ ಮಗಳು ಶೈಲಾಳಿಗೆ. ಅವಳ ರಿಸರ್ಚ್ ಸ್ಪೆಕ್ಟ್ರೋಸ್ಕೋಪಿಯಲ್ಲಿ. ಲೇಸರ್ ಬಿಟ್ಟರೆ ಒಂದೊಂದು ವಸ್ತುವೂ ತನ್ನದೇ ರೀತಿಯಲ್ಲಿ ಕಂಪಿಸಿ, ಬೆಳಕನ್ನು ಚೂರು ಬದಲಿಸಿ ಕಳಿಸುತ್ತದಂತೆ. ಈಗಿನ ಹೊಸ ಟೆಕ್ನಿಕ್‌ನಲ್ಲಿ ಬೆಳಕು ಬಿಡುವುದು ಒಂದು ಕಡೆ, ಹಿಡಿಯುವುದು ಅದರ ಪಕ್ಕದಲ್ಲಿ. ಆಗ ಬಾಟಲಿ ಬಿಚ್ಚದೆಯೇ ಒಳಗಿನ ಔಷಧಿ ಯಾವುದೆಂದು ತಿಳಿಯುತ್ತದೆ. ನನ್ನ ಲಿಂಗದೊಳಗಿನ ಕಲ್ಲು ಸ್ಫಟಿಕ, ಅಪ್ಪ ಉಜ್ಜಿನಿಯಲ್ಲಿ ಹೇಳಿ ಮಾಡಿಸಿದ್ದು. ಅವರದು ಹಾಲುಗಲ್ಲು. ಕಲ್ಲಿನ ಮೇಲೆ ಮೆತ್ತಿದ ಕಪ್ಪು ಲೇಪ, ಅಂದರೆ ಕಂತಿ, ಬೆಳಕು ನುಂಗುತ್ತದೆ. ಆದರೆ ತಳದಲ್ಲಿ ಎಳ್ಳಿನಷ್ಟು ಜಾಗ ಸವೆದು ತೆಳುವಾಗಿತ್ತು, ಲೇಸರ್ ಒಳಹೋಗಲು ಅಷ್ಟು ಸಾಕಂತೆ.

ಒಂದು ಮಧ್ಯಾಹ್ನ ಕಿಟಕಿ ಮುಚ್ಚಿ ಕೂತೆವು. ಶೈಲಾ ತಂದಿದ್ದ ಮಷೀನು ಇಟ್ಟಿಗೆಯಷ್ಟಿತ್ತು.

"ದೊಡ್ಡವ್ವ, ಇದರ ಮುಂದ ಕಲ್ಲೂ ಸುಳ್ಳು ಹೇಳಂಗಿಲ್ಲ," ಎಂದು ನಕ್ಕಳು. ಮೊದಲು ನನ್ನ ಜಪಸರದ ಸ್ಫಟಿಕದ ಮಣಿ, ಆಮೇಲೆ ಹಾಲುಗಲ್ಲಿನ ಚೂರು ಇಟ್ಟು ತೋರಿಸಿದಳು. ಪರದೆಯಲ್ಲಿ ಒಂದೊಂದಕ್ಕೆ ಒಂದೊಂದು ಕಡೆ ಚೂಪು ಗೋಪುರ.

ನಂತರ ಲಿಂಗ. ಗೋಪುರ ಎದ್ದದ್ದು ಹಾಲುಗಲ್ಲಿನ ಜಾಗದಲ್ಲಿ. ಅವರದು! ಸೆರಗಿನಿಂದ ಕಣ್ಣೊರೆಸಿಕೊಂಡೆ.

"ಅಳಬ್ಯಾಡ, ತಡಿ. ಇನ್ನೊಮ್ಮಿ ನೋಡ್ತೀನಿ."

ಲಿಂಗವನ್ನು ಮುಟ್ಟಲಿಲ್ಲ, ಕದಲಿಸಲಿಲ್ಲ. ಈ ಸಲ ಸ್ಫಟಿಕ. ಹಾಲುಗಲ್ಲಿನ ಗುರುತೇ ಇಲ್ಲ.

"ಲೇ, ಮಷೀನ್ ಕೆಟ್ಟೈತೇನು?"

ಮಣಿ ಇಟ್ಟಳು, ಸರಿ ಹೇಳಿತು. ಚೂರು ಇಟ್ಟಳು, ಸರಿ ಹೇಳಿತು. ಲಿಂಗ ಮಾತ್ರ ಒಮ್ಮೆ ಅವರದು, ಒಮ್ಮೆ ನನ್ನದು. ಎರಡೂ ಒಟ್ಟಿಗೆ ಒಂದು ಸಲವೂ ಬರಲಿಲ್ಲ. ಶೈಲಾಳ ನಗು ನಿಂತಿತ್ತು.

"ಕಂತಿ ಒಡದ್ರ ಗೊತ್ತಾಗಿಬಿಡ್ತೈತಿ," ಎಂದಳು ಮೆಲ್ಲಗೆ.

"ಬ್ಯಾಡವ್ವಾ."

ಸ್ಯಾಂಪಲ್ ಅಲುಗಿರಬೇಕು ಎಂದರಂತೆ ಅವಳ ಗೈಡ್. ಅಲುಗಿರಲಿಲ್ಲ, ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಮರುದಿನ ಪೂಜೆಗೆ ಕೂತು ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡೆ. ಅಂದು ಕ್ಷಮೆ ಕೇಳದೆಯೇ ನೀರು ಎರೆದೆ. ಆ ಕೈ ಯಾಕೋ ನನ್ನೊಬ್ಬಳದೇ ಅನ್ನಿಸಲಿಲ್ಲ.