ಕೂಪನ್ನಿನ ರೂಲ್ಸು

ನಾಗಮಂಗಲದಲ್ಲಿ ಆ ಮಾರ್ಟು ಶುರುವಾದಾಗಲೇ ನಾನು ಬೇಡ ಎಂದಿದ್ದೆ. ಊರಿಗೆ ಬೇಡ ಎಂದಲ್ಲ, ಅದನ್ನು ಹೇಳಲು ನಾನ್ಯಾರು. ನಮ್ಮ ಮನೆಗೆ ಬೇಡ ಎಂದು. ನಮ್ಮ ಬೀದಿಯ ತುದಿಯಲ್ಲೇ ದಿನಸಿ ಅಂಗಡಿ ಇದೆ. ಅಲ್ಲಿ ಬೇಳೆ ತೂಗಿದ ಮೇಲೆ ಒಂದು ಹಿಡಿ ಕೊಸರು ಹಾಕುತ್ತಾರೆ. ಅದಕ್ಕೆ ಷರತ್ತೂ ಇಲ್ಲ, ಕೊನೆಯ ತಾರೀಕೂ ಇಲ್ಲ. ಆದರೆ ನಮ್ಮ ಯಜಮಾನರು ಮಾರ್ಟಿಗೆ ಹೋಗಿ ಬಂದ ಮೊದಲ ದಿನವೇ ಬಿಲ್ಲಿನ ಬಾಲದಲ್ಲಿ ಅಚ್ಚಾಗಿದ್ದ ಕೂಪನ್ನನ್ನು ನನ್ನ ಮುಖಕ್ಕೆ ಹಿಡಿದು, "ಓದು ಇದ್ನ" ಎಂದರು. ನಾನು ಹುರುಳಿಕಾಳು ಆರಿಸುತ್ತಿದ್ದೆ. ಓದಲಿಲ್ಲ.

ಇವರು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ರಿಟೈರಾದವರು. ಒಂದಷ್ಟು ವರ್ಷ ಕೆ.ಆರ್.ಪೇಟೆ ರೂಟು, ಆಮೇಲೆ ಬಹಳ ಕಾಲ ನಾಗಮಂಗಲದಿಂದ ಪಾಂಡವಪುರದ ಮೇಲೆ ಶ್ರೀರಂಗಪಟ್ಟಣಕ್ಕೆ. ಟಿಕೆಟ್ ಮಿಷನ್ನು ಬರುವುದಕ್ಕೆ ಮುಂಚೆ ಯಾವ ಸ್ಟೇಜಿನಿಂದ ಯಾವ ಸ್ಟೇಜಿಗೆ ಎಷ್ಟು ಎನ್ನುವುದೆಲ್ಲ ಇವರ ತಲೆಯಲ್ಲೇ ಇರುತ್ತಿತ್ತು. ಮನೆಗೆ ನೆಂಟರು ಬಂದರೆ ಚೆನ್ನಾಗಿದ್ದೀರಾ ಎಂದು ಕೇಳುವ ಮೊದಲು ಎಲ್ಲಿ ಹತ್ತಿದಿರಿ, ಎಷ್ಟು ಕೊಟ್ಟಿರಿ ಎಂದು ಕೇಳುತ್ತಿದ್ದರು. ತಲೆ ಚೆನ್ನಾಗಿದೆ ಎಂಬುದೇ ಇವರ ಬಾಳಿನ ದೊಡ್ಡ ಜಂಬ. ಆ ಜಂಬವನ್ನು ಕಂಡು ನಾನು ರೇಗಿಸಿದ್ದೂ ಉಂಟು, ಒಳಗೊಳಗೇ ಖುಷಿಪಟ್ಟಿದ್ದೂ ಉಂಟು.

ಕಳೆದ ವರ್ಷ ಒಂದು ಬೆಳಿಗ್ಗೆ ಸ್ಕೂಟರಿನಲ್ಲಿ ತರಕಾರಿಗೆ ಹೋದವರು ನಡೆದುಕೊಂಡು ಮನೆಗೆ ಬಂದರು. ಸ್ಕೂಟರೆಲ್ಲಿ ಎಂದು ಕೇಳಿದೆ. "ಯಾವ ಸ್ಕೂಟರು?" ಎಂದರು. ನಾನು ನಕ್ಕೆ, ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು. ಅವರು ನಗಲಿಲ್ಲ. ಆಮೇಲೆ ನೆನಪಾಯಿತು, ಹೋಗಿ ತಂದರು. ಆದರೆ ಆ ದಿನದಿಂದ ಅವರೊಳಗೆ ಭಯ ಹೊಕ್ಕಿತು, ನನ್ನೊಳಗೂ ಹೊಕ್ಕಿತು. ಮಂಡ್ಯಕ್ಕೆ ಹೋಗಿ ಡಾಕ್ಟರಿಗೆ ತೋರಿಸೋಣ ಎಂದರೆ ಸಿಡುಕಿದರು.

ಅದೇ ಹೊತ್ತಿಗೆ ಮಾರ್ಟು ಬಂತು, ಕೂಪನ್ನು ಬಂತು. ಕೂಪನ್ನಿನ ಹಿಂದೆ ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ರೂಲ್ಸು. ಇವರು ಕನ್ನಡಕ ಹಾಕಿಕೊಂಡು ಅದನ್ನೆಲ್ಲ ಬಾಯಿಪಾಠ ಮಾಡಿದರು. ಒಂದು ಸಂಜೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು: "ಇದು ತಲೇಲಿ ನಿಂತ್ರೆ ನಾನು ನೆಟ್ಟಗಿದೀನಿ ಅಂತ ಕಣಮ್ಮಿ. ನಿಲ್ನಿಲ್ಲ ಅಂದ್ರೆ ನೀನು ಎಲ್ಲಿಗ್ ಕರ್ಕಂಡ್ ಓಗ್ತೀಯೋ ಅಲ್ಲಿಗ್ ಬತ್ತೀನಿ."

ಆಗ ನನಗೆ ಕೂಪನ್ನಿನ ಮೇಲಿದ್ದ ತಾತ್ಸಾರ ಹೋಯಿತು. ಅದು ನಿಲ್ಲಲಿ ಎಂದು ನಾನೂ ದೇವರಲ್ಲಿ ಕೇಳಿಕೊಂಡೆ.

ಆದರೆ ಆ ಮಾರ್ಟಿನ ರೂಲ್ಸು ಒಂದು ಕಡೆ ನಿಂತರೆ ತಾನೇ ಇವರ ತಲೆಯಲ್ಲಿ ನಿಲ್ಲುವುದು. ಮಾರ್ಟಿನವರು ಮೊದಲು, ಈ ಸಲದ ಕೂಪನ್ನು ಮುಂದಿನ ಸಲದ ಸಾಮಾನಿಗೆ ನಡೆಯುತ್ತದೆ ಎಂದರು. ಆಮೇಲೆ ಅಕ್ಕಿ ಎಣ್ಣೆಗೆ ನಡೆಯುವುದಿಲ್ಲ ಎಂದರು. ಅದಾದ ಮೇಲೆ ಬುಧವಾರ ಮಾತ್ರ. ಬುಧವಾರ ಎಂದು ಮನಸ್ಸಿಗೆ ಕೂರುವ ಹೊತ್ತಿಗೆ ಕಾಗದದ ಕೂಪನ್ನೇ ಹೋಗಿ ಫೋನಿಗೆ ಬರತೊಡಗಿತು. ಇವರು ಒಂದೊಂದನ್ನೂ ಕಲಿತರು. ಹಳೆಯದನ್ನು ಅಳಿಸಿ ಹೊಸದನ್ನು ಕೂರಿಸಿಕೊಂಡರು. ನಾನು ಒಗ್ಗರಣೆ ಹಾಕುತ್ತಿರುವಾಗ ಬಾಗಿಲಿಗೆ ಒರಗಿ ನಿಂತು ಒಪ್ಪಿಸುತ್ತಿದ್ದರು. ನಾನು "ಹೂಂ, ಹೂಂ" ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ಅರ್ಧ ಕೇಳುತ್ತಿರಲಿಲ್ಲ. ಮನೆ ಕೆಲಸ ಮುಗಿಸಿ ಸಾಕಾಗಿರುವ ಹೆಂಗಸಿಗೆ ಸೋಪಿನ ಪುಡಿಯ ಷರತ್ತು ಎಷ್ಟು ಕಿವಿಗೆ ಹೋಗುತ್ತದೆ?

ಹೀಗಿರುವಾಗ ನಮ್ಮ ಮಿಕ್ಸಿ ಕೈಕೊಟ್ಟಿತು. ಮಾರ್ಟಿನಲ್ಲಿ ಅದೇ ಕಂಪನಿಯ ಹೊಸ ಮಿಕ್ಸಿ ಇತ್ತು. ಅದರ ಪಕ್ಕದಲ್ಲಿ ಒಂದು ಬೋರ್ಡು: ಇದೇ ವಸ್ತು ಬೇರೆ ಅಂಗಡಿಯಲ್ಲಿ ಕಡಿಮೆಗೆ ಸಿಕ್ಕರೆ ತೋರಿಸಿ, ಆ ಬೆಲೆಗೇ ನಾವೂ ಕೊಡುತ್ತೇವೆ. ಇವರಿಗೆ ಅಷ್ಟು ಸಾಕಾಯಿತು. ಕೌಂಟರಿನಲ್ಲಿ ವಿಚಾರಿಸಿ ಬಂದು ಹೇಳಿದರು, ಬೇರೆ ಅಂಗಡಿಯ ಬೆಲೆಚೀಟಿಯ ಫೋಟೋ ತಂದರೆ ಸಾಕಂತೆ, ಆ ಬೆಲೆಯ ಮೇಲೆ ನಮ್ಮ ಕೂಪನ್ನೂ ನಡೆಯುತ್ತದಂತೆ.

"ನಿಂಗೆ ಬಸ್ಸು ಫ್ರೀ ಅಲ್ವಾ, ಓಗಿ ನೋಡ್ಕಂಡ್ ಬಂದ್ಬುಡು" ಎಂದರು.

ಹೆಂಗಸರಿಗೆ ಬಸ್ಸು ಫ್ರೀ ಆದಾಗಿನಿಂದ ನಮ್ಮ ಮನೆಯಲ್ಲಿ ಊರಾಚೆಯ ಕೆಲಸವೆಲ್ಲ ನನ್ನ ತಲೆಗೇ ಬಂದಿದೆ. ಆಧಾರ್ ಕಾರ್ಡು ಹಿಡಿದುಕೊಂಡು ಒಂದು ದಿನ ಕೆ.ಆರ್.ಪೇಟೆಗೆ ಹೋದೆ. ಬಸ್ಸಿನಲ್ಲಿ ನನ್ನ ಹಾಗೇ ಫ್ರೀಯಾಗಿ ಹೊರಟ ಹೆಂಗಸರೇ ತುಂಬಿದ್ದರು, ಕಾಲಿಡಲು ಜಾಗವಿರಲಿಲ್ಲ. ಪಾತ್ರೆ ಅಂಗಡಿಯವನು ನಾನು ಫೋಟೋ ತೆಗೆಯುವುದನ್ನು ಕಂಡು, "ಯಾಕಮ್ಮ, ಕಂಪ್ಲೇಂಟ್ ಗಿಂಪ್ಲೇಂಟಾ?" ಎಂದ. ಮಗಳಿಗೆ ಕಳಿಸಬೇಕು ಎಂದು ಸುಳ್ಳು ಹೇಳಿದೆ. ನನಗೆ ಮಗಳೇ ಇಲ್ಲ. ಕೆ.ಆರ್.ಪೇಟೆಯಲ್ಲಿ ಮಾರ್ಟಿಗಿಂತ ಕಡಿಮೆಗಿತ್ತು, ಇನ್ನೂ ಕಡಿಮೆಗೆ ಸಿಕ್ಕೀತೆಂದು ಇನ್ನೊಂದು ದಿನ ಶ್ರೀರಂಗಪಟ್ಟಣ. ಪಾಂಡವಪುರ ದಾಟುವಾಗ ಕಬ್ಬಿನ ಟ್ರಾಕ್ಟರುಗಳ ಹಿಂದೆ ಬಸ್ಸು ತೆವಳಿತು. ಬಿಸಿಲಿಗೆ ತಲೆ ಸಿಡಿಯಿತು. ಅಲ್ಲಿ ಬೆಲೆ ಹೆಚ್ಚೇ ಇತ್ತು. ಮನೆಗೆ ಬಂದು ಕಾಲು ಚಾಚಿ ಕೂತಾಗ ಇವರು ಕೇಳಿದ್ದು, ಸುಸ್ತಾಯಿತಾ ಎಂದಲ್ಲ, "ಫೋಟೋದಲ್ಲಿ ರೇಟು ನೀಟಾಗಿ ಕಾಣ್ತದಾ?" ಎಂದು. ನನಗೆ ಬಂದ ಸಿಟ್ಟಿಗೆ ಕಾಫಿಯನ್ನೂ ಮಾಡಿಕೊಡಲಿಲ್ಲ.

ಬುಧವಾರ ಇಬ್ಬರೂ ಮಾರ್ಟಿಗೆ ಹೋದೆವು. ಇವರು ಇಸ್ತ್ರಿ ಮಾಡಿದ ಶರಟು ಹಾಕಿಕೊಂಡಿದ್ದರು. ಕೌಂಟರಿನಲ್ಲಿ ಹತ್ತಿರದ ಹಳ್ಳಿಯಿಂದ ಬರುವ, ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಇವರು ಕೆ.ಆರ್.ಪೇಟೆಯ ಫೋಟೋ ತೋರಿಸಿ, ಕೂಪನ್ನೂ ತೋರಿಸಿ, ಷರತ್ತುಗಳನ್ನು ಒಂದೊಂದಾಗಿ ಒಪ್ಪಿಸಿದರು. ಆಕೆ ಕೇಳಿಸಿಕೊಂಡು, "ಫೋಟೋ ನಡೆಯಲ್ಲ ಸಾರ್, ಬಿಲ್ಲೇ ಬೇಕು. ಅಲ್ಲದೆ ಕೂಪನ್ನು, ರೇಟು ಸರಿ ಮಾಡೋದು, ಎರಡ್ರಲ್ಲಿ ಒಂದೇ" ಎಂದಳು.

"ಎರಡೂ ಆಯ್ತದೆ ಅಂತ ನೀನೇ ಏಳಿದ್ದಲ್ಲವ್ವ."

ಆಕೆ ಒಂದು ಕ್ಷಣ ಹಿಂದೆ ತಿರುಗಿ ನೋಡಿದಳು. ಹಿಂದೆ ಮ್ಯಾನೇಜರು ನಿಂತಿದ್ದ. "ಇಲ್ಲ ಸಾರ್" ಎಂದಳು. "ಯಾವಾಗ್ಲೂ ಇದೇ ರೂಲ್ಸು."

ಇವರು ಜಗಳವಾಡುತ್ತಾರೆ ಎಂದುಕೊಂಡೆ. ಚಿಲ್ಲರೆಗಾಗಿ ಬಸ್ಸು ನಿಲ್ಲಿಸಿ ಜಗಳವಾಡಿದ ಮನುಷ್ಯ. ಆದರೆ ಫೋನು ಜೇಬಿಗೆ ಹಾಕಿಕೊಂಡು ಹೊರಗೆ ಬಂದುಬಿಟ್ಟರು. ಮನೆ ಮುಟ್ಟಿ ಚಪ್ಪಲಿ ಬಿಡುತ್ತಾ ಕೇಳಿದರು, "ನಾನೇ ಮರ್ತ್ನಾ?"

ಇಲ್ಲ ಎನ್ನಬೇಕಿತ್ತು. ಹೇಗೆ ಎನ್ನಲಿ? ಅವರು ಒಪ್ಪಿಸುವಾಗ ನಾನು ಹೂಂಗುಟ್ಟಿದ್ದೆ ಅಷ್ಟೇ. ಎರಡೂ ಆಗುತ್ತದೆ ಎಂದು ಕೌಂಟರಿನಲ್ಲಿ ನಿಜವಾಗಿ ಹೇಳಿದ್ದರೋ, ಇವರೇ ಕಲ್ಪಿಸಿಕೊಂಡಿದ್ದರೋ ನನಗೂ ಗೊತ್ತಿರಲಿಲ್ಲ. ನನ್ನ ಮುಖ ನೋಡಿಯೇ ಅವರಿಗೆ ಅದು ತಿಳಿಯಿತು. ಹೋಗಿ ಮಲಗಿಬಿಟ್ಟರು. ಮುದ್ದೆ ಆರಿ ಹೋಯಿತು.

ಮಾರನೆಯ ದಿನ ನಾನೊಬ್ಬಳೇ ಮಾರ್ಟಿಗೆ ಹೋದೆ. ನನಗೆ ಮಿಕ್ಸಿಯೂ ಬೇಕಿರಲಿಲ್ಲ, ಕೂಪನ್ನೂ ಬೇಕಿರಲಿಲ್ಲ. ಆ ಹೆಣ್ಣುಮಗಳು ಉಪ್ಪಿನಕಾಯಿ ಬಾಟಲಿ ಜೋಡಿಸುತ್ತಿದ್ದಳು, ಮ್ಯಾನೇಜರು ಕಾಣಲಿಲ್ಲ. ನಾನು ಜಗಳಕ್ಕೆಂದೇ ಹೋಗಿದ್ದವಳು. ಆದರೆ ಆಕೆಯ ಎದುರು ನಿಂತಾಗ ಸ್ಕೂಟರು ಮರೆತದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದೆ. "ನಿಜ ಏಳ್ಬುಡವ್ವ, ನಮ್ಮನೇವ್ರು ತಪ್ಪು ತಿಳ್ಕಂಡಿದ್ರಾ?"

ಆಕೆ ಬಾಟಲಿ ಕೆಳಗಿಟ್ಟಳು. "ಇಲ್ಲ ಕಣಮ್ಮ. ಅವ್ರು ಏಳಿದ್ದೇ ಸರಿ. ಓದ್ ವಾರ ಬದ್ಲಾಯ್ಸುದ್ರು. ನಮ್ಗೂ ಫೋನಲ್ಲಿ ಮೆಸೇಜು ಬಂತು, ಅಷ್ಟೇಯ. ಬದ್ಲಾಯ್ತು ಅಂದ್ರೆ ಜನ ಗಲಾಟೆ ಮಾಡ್ತಾರೆ, ಯಾವಾಗ್ಲೂ ಇದೇ ರೂಲ್ಸು ಅನ್ನಿ ಅಂದವ್ರೆ."

"ಆ ಮಾತ್ನೇ ಅವ್ರ್ ಮುಂದೆ ಒಂದ್ಸಲ ಏಳ್ತೀಯಾ?"

ಹೇಳಿದಳು. ಎರಡು ದಿನ ಕಳೆದು ಸಕ್ಕರೆ ತರೋಣ ಬನ್ನಿ ಎಂದು ಇವರನ್ನು ಎಳೆದುಕೊಂಡು ಹೋದೆ. ಆಕೆ ಇವರನ್ನು ಕಂಡದ್ದೇ, ಸುತ್ತ ನೋಡಿ, "ಸಾರ್, ಅವತ್ತು ನೀವ್ ಏಳಿದ್ದೇ ಸರಿ. ರೂಲ್ಸು ಬದ್ಲಾಗಿತ್ತು. ನಾನು ಸುಳ್ಳೇಳ್ದೆ, ಹೊಟ್ಟೆಗಾಕ್ಕಳಿ" ಎಂದಳು. ಇವರ ಮುಖ ಅರಳಿದ್ದನ್ನು ನಾನು ಹೇಗೆ ಬರೆಯಲಿ. ಮದುವೆಯಾದ ಹೊಸತರಲ್ಲಿ ಖಾಕಿ ಹಾಕಿಕೊಂಡು ಫುಟ್‌ಬೋರ್ಡಿನ ಮೇಲೆ ನಿಂತು ನನ್ನತ್ತ ನೋಡಿ ಸೀಟಿ ಊದುತ್ತಿದ್ದರಲ್ಲ, ಆ ಮುಖ. ಅಲ್ಲೇ ಪೂರ್ತಿ ಬೆಲೆ ಕೊಟ್ಟು ಮಿಕ್ಸಿ ಕೊಂಡರು. ಚೌಕಾಸಿಯ ಮಾತೇ ಇಲ್ಲ. ದಾರಿಯುದ್ದಕ್ಕೂ ಡಬ್ಬಿ ಹೊತ್ತುಕೊಂಡು, "ನಾ ಏಳ್ಲಿಲ್ವಾ? ನಾ ಏಳ್ಲಿಲ್ವಾ?" ಎಂದರು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅಷ್ಟು ದಿನದ ಅಲೆದಾಟವೆಲ್ಲ ಮರೆತುಹೋಯಿತು.

ಡಾಕ್ಟರ ಮಾತು ಅಲ್ಲಿಗೆ ನಿಂತಿತು. ನಾನೂ ಎತ್ತಲಿಲ್ಲ.

ಅದಾಗಿ ಕೆಲವು ತಿಂಗಳಾಗಿದೆ. ಮೊನ್ನೆ ಕ್ಯಾತನಹಳ್ಳಿಯಲ್ಲಿ ನೆಂಟರ ಗೃಹಪ್ರವೇಶವಿತ್ತು. ಬೆಳಿಗ್ಗೆ ನಾಗಮಂಗಲದ ಸ್ಟ್ಯಾಂಡಿನಲ್ಲಿ ಪಾಂಡವಪುರದ ಬಸ್ಸು ಹತ್ತಿದೆವು. ಕಂಡಕ್ಟರು ಹೊಸಬ, ನನಗೆ ಫ್ರೀ ಟಿಕೆಟ್ಟು ಹರಿದುಕೊಟ್ಟು ಇವರಿಂದ ದುಡ್ಡು ತೆಗೆದುಕೊಂಡ. ಇವರು ಕಿಟಕಿಯ ಪಕ್ಕ ಕೂತು ಯಾವತ್ತಿನಂತೆ ಬೆರಳು ಮಡಿಸುತ್ತಾ ಸ್ಟೇಜುಗಳ ಹೆಸರು ಹೇಳಿಕೊಂಡರು. ಅದು ಇವರ ಚಾಳಿ, ಜಪ ಮಾಡಿದ ಹಾಗೆ. ಎಣಿಕೆ ಜಕ್ಕನಹಳ್ಳಿ ಕ್ರಾಸಿನವರೆಗೆ ಬಂತು. ಅಲ್ಲಿಗೆ ಬೆರಳು ನಿಂತಿತು. ಮತ್ತೆ ಮೊದಲಿನಿಂದ ಹೇಳಿದರು. ಮತ್ತೆ ಅಲ್ಲೇ ನಿಂತಿತು.

"ಜಕ್ಕನಳ್ಳಿ ಆದ್ಮೇಲೆ ಯಾವ್ದು?" ಎಂದು ನನ್ನನ್ನು ಕೇಳಿದರು.

ನನಗೆ ಗೊತ್ತಿತ್ತು. ಇವರ ಬಾಯಿಂದ ಕೇಳಿ ಕೇಳಿಯೇ ಗೊತ್ತಿತ್ತು. ಆದರೆ ಅವರ ಕಣ್ಣಿನಲ್ಲಿ ಸ್ಕೂಟರು ಮರೆತ ದಿನದ ಭಯವೇ ಇತ್ತು. ಅದನ್ನು ಇನ್ನೊಂದು ಸಲ ನೋಡುವ ಶಕ್ತಿ ನನ್ನಲ್ಲಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಆ ಸ್ಟೇಜು ತೆಗ್ದವ್ರಂತೆ ಕಣ್ರೀ. ರೂಲ್ಸು ಬದ್ಲಾಯ್ತಂತೆ."

"ಯಾವಾಗ?"

"ಓದ್ ವಾರ."

ಇವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, "ಆ ಕೌಂಟ್ರು ಎಣ್ಮಗೂಗೂ ಅವತ್ತು ನೀನೇ ಏಳ್ಕೊಟ್ಟಿದ್ದಾ?"

ಆಕೆ ಹೇಳಿದ್ದು ನಿಜ, ಸತ್ಯವಾಗಿ ನಿಜ, ಅವತ್ತು ನೀವು ಮರೆತಿರಲಿಲ್ಲ ಎಂದೆ. ದೇವರಾಣೆ ಎಂದೆ. ನನ್ನ ದನಿ ನನಗೇ ಸುಳ್ಳು ಹೇಳುವವಳ ದನಿಯಂತೆ ಕೇಳಿತು.

"ಸರಿ ಬುಡು" ಎಂದರು. ಮಡಿಸಿದ್ದ ಬೆರಳುಗಳನ್ನು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು. ಬಸ್ಸು ಜಕ್ಕನಹಳ್ಳಿ ದಾಟಿ ಮುಂದಿನ ಸ್ಟೇಜಿನಲ್ಲಿ ನಿಂತಿತು. ಕಂಡಕ್ಟರು ಬಾಗಿಲಲ್ಲಿ ನಿಂತು ಆ ಊರಿನ ಹೆಸರನ್ನು ಕೂಗಿದ. ಇವರು ಕಿಟಕಿಯ ಕಡೆಗೆ ತಿರುಗಿ, ಕೇಳಿಸದವರ ಹಾಗೆ ಕೂತರು.